ಸರ್ಟಿಫಿಕೇಟಿಗೆ ಕಾಯೋಣ, ಸಹಾಯಕ್ಕೆ ಯಾಕೆ ಕಾಯಬೇಕು?

ಐದು ವರ್ಷದ ಹುಡುಗ. ಆಟದಲ್ಲಿ ಚುರುಕು, ಪ್ರಶ್ನೆಗಳಿಗಂತೂ ಲೆಕ್ಕವೇ ಇಲ್ಲ. ಆದರೆ ಚಪಾತಿ ಅವನ ಬಾಯಲ್ಲಿ ಇನ್ನೂ ‘ಪಚಾತಿ’. ಅಂಗನವಾಡಿಯಲ್ಲಿ ಎಷ್ಟು ಸಲ ಹೇಳಿಕೊಟ್ಟರೂ ಶಿಶುಗೀತೆ ಎರಡನೇ ಸಾಲಿಗೇ ನಿಂತುಹೋಗುತ್ತದೆ. ಬಾಚಣಿಗೆ ಕೈಯಲ್ಲೇ ಇರುತ್ತದೆ, ಹೆಸರು ಮಾತ್ರ ಬರುವುದಿಲ್ಲ. ‘ಅದು... ತಲೆ ಬಾಚೋದು’ ಅನ್ನುತ್ತಾನೆ. ‘ಬಿಡಮ್ಮ, ಅವರಪ್ಪನೂ ಹಾಗೇ ಇದ್ದ. ಸ್ಕೂಲಿಗೆ ಹೋದ್ರೆ ಸರಿಹೋಗ್ತಾನೆ’ ಅಂತ ಅಜ್ಜಿ ಸಮಾಧಾನ ಹೇಳುತ್ತಾರೆ.

‘ಅವರಪ್ಪನೂ ಹಾಗೇ ಇದ್ದ’ ಅನ್ನುವ ಮಾತನ್ನು ವೈದ್ಯರು ಖಂಡಿತ ಬರೆದುಕೊಳ್ಳುತ್ತಾರೆ. ಈ ಹುಡುಗನ ತಡವರಿಕೆ ಡಿಸ್ಲೆಕ್ಸಿಯಾದ, ಅಂದರೆ ಓದಿನಲ್ಲಿ ಬರುವ ತೊಡಕಿನ, ಮುನ್ಸೂಚನೆ ಇರಬಹುದು. ಅದು ಹೆಚ್ಚಾಗಿ ವಂಶದಲ್ಲಿ ಇಳಿದು ಬರುವಂಥದ್ದು. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಇದ್ದರೆ ಮಗುವಿಗೂ ಬರುವ ಸಾಧ್ಯತೆ ಜಾಸ್ತಿ. ದಡ್ಡತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಾಗಂತ ಐದು ವರ್ಷಕ್ಕೇ ‘ಇವನಿಗೆ ಡಿಸ್ಲೆಕ್ಸಿಯಾ’ ಅಂತ ಯಾರೂ ಖಚಿತವಾಗಿ ಹೇಳಲಾರರು. ಓದು ಕಲಿಸುವ ಮೊದಲೇ ಓದು ಬರುವುದಿಲ್ಲ ಅನ್ನುವುದು ಹೇಗೆ, ಅಲ್ವಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯನ್ನು ತನ್ನ 21 ಬಗೆಯ ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. ಶಾಲೆಗಳಲ್ಲಿ ಅದರ ತಪಾಸಣೆ ನಡೆಯಬೇಕಾದದ್ದು ಮೂರನೇ ತರಗತಿ ಇಲ್ಲವೇ ಎಂಟು ವರ್ಷದ ಹೊತ್ತಿಗೆ. ತೊಂದರೆಗೆ ಹೆಸರಿಡಲು, ಸರ್ಟಿಫಿಕೇಟ್ ಪಡೆಯಲು ಅಷ್ಟು ಕಾಯುವುದು ಸರಿಯೇ. ಆದರೆ ಸಹಾಯಕ್ಕೂ ಅಲ್ಲಿವರೆಗೆ ಕಾಯುತ್ತೇವಲ್ಲ, ನನ್ನ ತಕರಾರು ಇರುವುದು ಅಲ್ಲಿ.

ಬ್ರಿಟನ್ನಿನ ಬ್ರ್ಯಾಡ್ಲಿ ಮತ್ತು ಬ್ರಯಂಟ್ ಎಂಬ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಇನ್ನೂ ಓದು ಬರದ, ನಾಲ್ಕೈದು ವರ್ಷದ ಸುಮಾರು 400 ಮಕ್ಕಳಿಗೆ ಮೂರ್ನಾಲ್ಕು ಪದ ಕೇಳಿಸಿ, ಗುಂಪಿಗೆ ಸೇರದ ಸದ್ದಿನ ಪದ ಯಾವುದು ಅಂತ ಕೇಳಿದರು. ಇದರಲ್ಲಿ ಹಿಂದೆ ಬಿದ್ದ 65 ಮಕ್ಕಳನ್ನು ಆರಿಸಿ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಸದ್ದು ಗುರುತಿಸುವ ಆಟ. ಇನ್ನೊಂದಕ್ಕೆ ಅದರ ಜೊತೆ ಪ್ಲಾಸ್ಟಿಕ್ ಅಕ್ಷರಗಳೂ ಇದ್ದವು. ಮೂರನೆಯದು ಪದಗಳನ್ನು ಅರ್ಥದ ಮೇಲೆ ವಿಂಗಡಿಸಿತು. ನಾಲ್ಕನೆಯದಕ್ಕೆ ಏನೂ ಇಲ್ಲ. ಎರಡು ವರ್ಷದಲ್ಲಿ ಬರೀ 40 ಪಾಠ. ಕೊನೆಗೆ ಓದಿನಲ್ಲೂ ಸ್ಪೆಲ್ಲಿಂಗಿನಲ್ಲೂ ಎಲ್ಲರಿಗಿಂತ ಮುಂದಿದ್ದದ್ದು ಸದ್ದು, ಅಕ್ಷರ ಎರಡನ್ನೂ ಜೋಡಿಸಿ ಕಲಿತ ಗುಂಪು.

ಕನ್ನಡದ ಮಕ್ಕಳಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷಿನಂತೆ 26 ಅಕ್ಷರಕ್ಕೆ ಕೆಲಸ ಮುಗಿಯುವುದಿಲ್ಲ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪಗಳು. ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇವನ್ನೆಲ್ಲ ಕಲಿಯಲು ಮಕ್ಕಳಿಗೆ ಹಲವು ವರ್ಷ ಬೇಕು. ಎಲ್ಲರೂ ನಿಧಾನವಾಗಿರುವ ಕ್ಲಾಸಿನಲ್ಲಿ ನಿಜವಾಗಿ ತೊಂದರೆಯಿರುವ ಮಗು ಗುಂಪಿನಲ್ಲೇ ಮರೆಯಾಗಿಬಿಡುತ್ತದೆ. ಅದಕ್ಕೇ ಸ್ಲೇಟು ನೋಡುವ ಮೊದಲು ಮಗುವಿನ ಮಾತಿಗೆ ಕಿವಿಗೊಡಬೇಕು.

ಮನೆಯಲ್ಲಿ ಮಾಡುವ ಕೆಲಸವೂ ಕಿವಿಯದ್ದೇ. ‘ಚ-ಪಾ-ತಿ’ಗೆ ಮೂರು ಚಪ್ಪಾಳೆ. ‘ಚ’ ತೆಗೆದರೆ ಏನು ಉಳಿಯಿತು? ‘ಮರ’ವನ್ನು ತಿರುಗಿಸಿದರೆ? ಸ್ವಲ್ಪ ದೊಡ್ಡ ಮಕ್ಕಳು ಆಡುವ ‘ಕ’ ಭಾಷೆಯೂ ಇದೇ ಜಾತಿಯ ಕಸರತ್ತು. ಆಮೇಲೆ ಸದ್ದಿಗೆ ಅಕ್ಷರ ಜೋಡಿಸಿ. ದಿನಕ್ಕೆ ಹತ್ತು ನಿಮಿಷ ಸಾಕು. ಸುಮ್ನೆ ಕೂರಿಸಿ ಅಆಇಈ ಪುಟಗಟ್ಟಲೆ ತಿದ್ದಿಸುವುದರಿಂದ ಬೆರಳು ನೋಯುತ್ತದೆ, ಅಷ್ಟೇ.

ಅಕ್ಷರ ಉಲ್ಟಾ ಬರೆದರೆ ಗಾಬರಿ ಬೇಡ, ಆರು ವರ್ಷದವರೆಗೂ ಅದು ಮಾಮೂಲು. ಮನೆಯಲ್ಲಿ ತುಳುವೋ ಉರ್ದುವೋ ಆಡುವ ಮಗು ಶಾಲೆಯ ಕನ್ನಡದಲ್ಲಿ ತಡವರಿಸಿದರೆ ಅದು ಹೊಸ ಭಾಷೆಯ ಮುಜುಗರ ಇರಬಹುದು. ಮನೆಮಾತಲ್ಲೂ ತಡವರಿಸಿದರೆ ಗಮನ ಕೊಡಿ. ಎಲ್ಲಕ್ಕಿಂತ ಮೊದಲು ಕಿವಿ, ಕಣ್ಣು ತೋರಿಸಿ. ನೆಗಡಿಯ ಬೆನ್ನಿಗೆ ಕಿವಿಯೊಳಗೆ ನೀರು ನಿಂತರೆ ಮಗುವಿಗೆ ಅರೆಬರೆ ಕೇಳಿಸುತ್ತದೆ, ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ.

ಎಲ್ಲಿಗೆ ಹೋಗುವುದು? ಮಾತು, ಶ್ರವಣದ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೇ ತಂಡ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಅಗತ್ಯವಿದ್ದರೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತಾರೆ. ಹೋಗುವಾಗ ಮಗು ಮನೆಯಲ್ಲಿ ಮಾತಾಡುವ ಎರಡು ನಿಮಿಷದ ವಿಡಿಯೋ ಫೋನಿನಲ್ಲಿರಲಿ. ಹೊಸ ಜಾಗದಲ್ಲಿ ಎಷ್ಟೋ ಮಕ್ಕಳು ಬಾಯೇ ಬಿಡುವುದಿಲ್ಲ.