ಬೇಡ ಅಂದರೆ ಏನಾಗುತ್ತದೆ? ಕಾಲೇಜು ತಂಡ, ಸಂಘಗಳಲ್ಲಿನ ರ‍್ಯಾಗಿಂಗ್ ಬಗ್ಗೆ ಒಂದು ಟಿಪ್ಪಣಿ

ನಮ್ಮ ಸಮಾಜಕಾರ್ಯ ಪ್ರಶ್ನೆಪತ್ರಿಕೆಯಲ್ಲಿ ಈ ವಿಷಯಕ್ಕೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಗೈಡಿನಲ್ಲಿ ಇರುವುದು ಒಂದೂವರೆ ಪುಟ, ಅದೂ ವ್ಯಾಖ್ಯಾನ ಮತ್ತು ಶಿಕ್ಷೆ. ಬಾಯಿಪಾಠ ಮಾಡಿದರೆ ಅಂಕ ಸಿಗುತ್ತದೆ, ತಲೆಗೆ ಹೋಗುವುದಿಲ್ಲ. ನನಗೆ ಇದು ತಲೆಗೆ ಹೋದದ್ದು ಹಾಕಿ ಮೈದಾನದಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಡಿಗ್ರಿಯ ಮೊದಲ ವರ್ಷ, ಜುಲೈ. ಕೊಡಗಿನ ಜುಲೈ ಗೊತ್ತಲ್ವಾ, ಕೊಡೆ ಹಿಡಿದರೂ ಒಂದೇ, ಬಿಟ್ಟರೂ ಒಂದೇ. ಪ್ರಾಕ್ಟೀಸ್ ಮುಗಿದ ಮೇಲೆ ಸೀನಿಯರ್‌ಗಳು ಹೊಸಬರಾದ ನಮ್ಮ ಐದು ಜನರನ್ನು ನಿಲ್ಲಿಸಿಕೊಂಡರು. ಗೋಲ್ ಮುಂದೆ ಪಾದ ಮುಳುಗುವಷ್ಟು ಕೆಂಪು ನೀರು ನಿಂತಿತ್ತು. "ಈಗ ತೀರ್ಥಸ್ನಾನ" ಅಂದರು. ಆ ನೀರಿನಲ್ಲಿ ಬೋರಲು ಮಲಗಿ, ತೆವಳಿಕೊಂಡು ಡಿ ಗೆರೆಯವರೆಗೆ ಹೋಗಬೇಕು. ಎಲ್ಲರೂ ನಕ್ಕರು, ನಾನೂ ನಕ್ಕೆ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಮುಗಿದ ಮೇಲೆ ಕ್ಯಾಪ್ಟನ್ ಅಣ್ಣ ಬಿಸಿ ಕಾಫಿ, ಮೊಟ್ಟೆ ಪಫ್ಸ್ ಕೊಡಿಸಿದರು.

ನಮ್ಮ ಜೊತೆ ತಿತಿಮತಿ ಕಡೆಯ ಒಬ್ಬ ಹುಡುಗ ಇದ್ದ. ನಮ್ಮೆಲ್ಲರಿಗಿಂತ ಚೆನ್ನಾಗಿ ಡ್ರಿಬಲ್ ಮಾಡುತ್ತಿದ್ದ. ಹಾಸ್ಟೆಲಿನಲ್ಲಿ ಅವನಿಗೆ ಇದ್ದದ್ದೇ ಎರಡು ಜೊತೆ ಬಟ್ಟೆ, ಒಂದು ಜೊತೆ ಮೂರು ದಿನದಿಂದ ಒಣಗದೆ ಹಗ್ಗದ ಮೇಲಿತ್ತು. ಮಾರನೇ ದಿನ ಅವನು ಮೈದಾನಕ್ಕೆ ಬರಲಿಲ್ಲ. ಆಮೇಲೂ ಬರಲಿಲ್ಲ. "ಅವನಿಗೆ ಸ್ಟ್ಯಾಮಿನಾ ಇಲ್ಲ ಬಿಡು" ಅಂತ ಒಬ್ಬರು ಅಂದರು, ಮಾತು ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಹೊಸಬರನ್ನು ಅದೇ ನೀರಿಗೆ ಇಳಿಸಿದವರಲ್ಲಿ ನಾನೂ ಒಬ್ಬ.

ಹೇಜಿಂಗ್ ಎಂಬ ಪದ

ಅಮೆರಿಕದ ಪುಸ್ತಕಗಳಲ್ಲಿ ಇದಕ್ಕೆ 'ಹೇಜಿಂಗ್' ಎನ್ನುತ್ತಾರೆ. ರ‍್ಯಾಗಿಂಗ್, ಹೇಜಿಂಗ್ ಎರಡೂ ಒಂದೇ ಅಂತ ಬರೆದರೆ ಅರ್ಧ ಸರಿ. ರ‍್ಯಾಗಿಂಗ್ ಅಂದ ಕೂಡಲೇ ನಮಗೆ ಹಾಸ್ಟೆಲ್ ಕೋಣೆ, ಕಾಲೇಜಿಗೆ ಹೊಸದಾಗಿ ಬಂದವನು, "ಇಂಟ್ರೊ ಕೊಡು" ಎಂಬ ದನಿ ನೆನಪಾಗುತ್ತದೆ. ಹೇಜಿಂಗ್ ಅನ್ನುವುದು ಮುಖ್ಯವಾಗಿ ಒಂದು ಗುಂಪಿಗೆ ಸೇರಲು ತೆರಬೇಕಾದ ಸುಂಕ. ಕ್ರೀಡಾ ತಂಡ, ಬ್ಯಾಂಡ್, ಅಲ್ಲಿ 'ಫ್ರೆಟರ್ನಿಟಿ' ಎನ್ನುವ ವಿದ್ಯಾರ್ಥಿ ಕೂಟ, ಇಂಥವು. ಇಲ್ಲಿ ಹೊಸಬ ತಾನಾಗಿಯೇ ಬಂದಿರುತ್ತಾನೆ. ಸೇರಿಕೊಳ್ಳಬೇಕು ಅಂತ ಆಸೆ ಅವನದೇ. ಅದಕ್ಕೇ ಇದು ಕಣ್ಣಿಗೆ ಬೀಳುವುದು ಕಷ್ಟ. ಹಾಸ್ಟೆಲಿನಲ್ಲಿ ಕಾಡುವವನ ಹೆಸರು ಕೇಳಿದರೆ ಮೈ ಉರಿಯುತ್ತದೆ, ಮೈದಾನದಲ್ಲಿ ಕಾಡುವವನನ್ನು ಅಣ್ಣ ಅಂತ ಕರೆಯುತ್ತೇವೆ.

ಮೇನ್ ವಿಶ್ವವಿದ್ಯಾಲಯದ ಎಲಿಜಬೆತ್ ಅಲನ್ ಮತ್ತು ಮೇರಿ ಮ್ಯಾಡನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಅಮೆರಿಕದ 53 ಕಾಲೇಜುಗಳ 11,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿದ್ದರು. ತಂಡ, ಕ್ಲಬ್, ಸಂಘಗಳಲ್ಲಿ ಇದ್ದವರಲ್ಲಿ 55% ಜನ ಒಂದಲ್ಲ ಒಂದು ರೀತಿಯ ಹೇಜಿಂಗ್ ಅನುಭವಿಸಿದ್ದರು. ಆದರೆ ಹಾಗೆ ಅನುಭವಿಸಿದ ಹತ್ತರಲ್ಲಿ ಒಂಬತ್ತು ಜನ "ನನಗೆ ಹೇಜಿಂಗ್ ಆಗಿದೆ" ಅಂತ ಹೇಳಲೇ ಇಲ್ಲ! ನನ್ನನ್ನು ಆ ದಿನ ಕೇಳಿದ್ದರೆ ನಾನೂ ಆ ಒಂಬತ್ತರಲ್ಲೇ ಇರುತ್ತಿದ್ದೆ.

ಒಪ್ಪಿಗೆಯ ಗೊಂದಲ

"ಅವನೇ ಒಪ್ಪಿಕೊಂಡು ಮಾಡಿದ, ನಾವೇನು ಬಲವಂತ ಮಾಡಿದ್ವಾ?" ಎಲ್ಲ ಕಡೆಯೂ ಬರುವ ಮಾತು ಇದು. ಇದಕ್ಕೆ ಉತ್ತರ ಬರೆಯುವಾಗ ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ: ಬೇಡ ಅಂದರೆ ಏನಾಗುತ್ತದೆ?

ನಮ್ಮ ಕಡೆ ಮದುವೆ ಮನೆಗೆ ಹೋದರೆ ಕುಡಿಯಲು ಕೊಡುತ್ತಾರೆ, ಅದರಲ್ಲಿ ಮುಚ್ಚುಮರೆ ಇಲ್ಲ. ಬೇಡ ಮಾವ ಅಂದರೆ "ಏನಪ್ಪಾ ನೀನು" ಅಂತ ಒಂದು ಮಾತು ಬರಬಹುದು, ಆಮೇಲೆ ಪಂದಿಕರಿ ಬಡಿಸುತ್ತಾರೆ. ನಾವು ನೆಂಟರಾಗಿಯೇ ಉಳಿಯುತ್ತೇವೆ. ಟೂರ್ನಮೆಂಟ್ ಗೆದ್ದ ರಾತ್ರಿ ಲಾಡ್ಜ್ ಕೋಣೆಯಲ್ಲಿ, ಬಾಗಿಲಿಗೆ ಒರಗಿ ಇಬ್ಬರು ಸೀನಿಯರ್‌ಗಳು ನಿಂತಿರುವಾಗ, ಮುಂದಿನ ಪಂದ್ಯಕ್ಕೆ ಹನ್ನೊಂದು ಜನರನ್ನು ಆರಿಸುವವನೇ ಗ್ಲಾಸ್ ಹಿಡಿದಿರುವಾಗ, 18 ವರ್ಷದ ಹುಡುಗ ಹೇಳುವ 'ಹೂಂ' ಒಪ್ಪಿಗೆ ಹೇಗಾಗುತ್ತದೆ?

ಹೀಗೇ ಬೇರೆಯವನ್ನೂ ನೋಡಿ. ಹೊಸಬರು ಗೋಲ್ ನೆಟ್ ಕಟ್ಟಲು ಸಹಾಯ ಮಾಡುವುದರಲ್ಲಿ ತಪ್ಪಿಲ್ಲ, ಸರದಿಯಲ್ಲಿ ಎಲ್ಲರೂ ಕಟ್ಟುವುದಾದರೆ. ಹೊಸಬರೇ ವರ್ಷವಿಡೀ ಸೀನಿಯರ್‌ಗಳ ಕಿಟ್ ಹೊತ್ತರೆ ಕಥೆ ಬೇರೆ. ಎನ್‌ಸಿಸಿಯಲ್ಲಿ ಇದ್ದವರು ಇಲ್ಲಿ 'ರಗಡಾ', ಅಂದರೆ ಶಿಕ್ಷೆಯಾಗಿ ಮಾಡಿಸುವ ಕಠಿಣ ಕಸರತ್ತಿನ ಕಥೆ ತೆಗೆಯುತ್ತಾರೆ. ಕೊಡಗಿನಲ್ಲಿ ಫೌಜಿ ಮನೆಗಳು ಜಾಸ್ತಿ, "ಇದೆಲ್ಲ ಡಿಸಿಪ್ಲಿನ್ ಕಣೋ" ಅನ್ನುವ ಚಿಕ್ಕಪ್ಪ ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಡ್ರಿಲ್ ಮಾಡಿಸುವವರಿಗೆ ಮೇಲೊಬ್ಬ ಅಧಿಕಾರಿ ಇರುತ್ತಾರೆ, ಆಚೀಚೆ ಆದರೆ ಕೇಳುತ್ತಾರೆ. ರಾತ್ರಿ ಹತ್ತಕ್ಕೆ ಹಾಸ್ಟೆಲ್ ಟೆರೇಸಿನಲ್ಲಿ ಬಸ್ಕಿ ಹೊಡೆಸುವ ಮೂರನೇ ವರ್ಷದವನನ್ನು ಕೇಳುವವರು ಯಾರು?

ಇನ್ನೊಂದು ವಾದ: ತಂಡದಲ್ಲಿ ಒಗ್ಗಟ್ಟು ಬರುತ್ತದೆ. ಮನಃಶಾಸ್ತ್ರಜ್ಞರಾದ ಆರನ್‌ಸನ್ ಮತ್ತು ಮಿಲ್ಸ್ 1959ರಲ್ಲಿ ಮಾಡಿದ ಪ್ರಯೋಗವನ್ನು ಇಲ್ಲಿ ಬರೆಯಿರಿ. ಗುಂಪಿಗೆ ಸೇರುವ ಮೊದಲು ಹೆಚ್ಚು ಮುಜುಗರ ಪಟ್ಟವರು, ಆಮೇಲೆ ಕೇಳಿಸಿದ ತೀರಾ ನೀರಸ ಚರ್ಚೆಯನ್ನೂ ಚೆನ್ನಾಗಿದೆ ಅಂದರು. ಅಷ್ಟು ಕಷ್ಟಪಟ್ಟು ಸೇರಿದ್ದು ಸುಮ್ನೆ ಅಂತ ಒಪ್ಪಿಕೊಳ್ಳಲು ಮನಸ್ಸು ಬಿಡುವುದಿಲ್ಲ. ನಾನು ಎರಡನೇ ವರ್ಷದಲ್ಲಿ ಹೊಸಬರನ್ನು ನೀರಿಗೆ ಇಳಿಸಿದ್ದು ಇದೇ ಕಾರಣಕ್ಕೆ ಇರಬೇಕು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿದವರಿಗೆ ಗೊತ್ತು, ಅಲ್ಲಿ ವಯಸ್ಸಾದವರು, ಮಕ್ಕಳು, ಹೆಣ್ಣುಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರೆ. ಆ ಒಗ್ಗಟ್ಟಿಗೆ ಯಾರನ್ನೂ ಕೆಸರಿನಲ್ಲಿ ತೆವಳಿಸಬೇಕಾಗಿಲ್ಲ.

ಕಾನೂನು

1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ರ‍್ಯಾಗಿಂಗ್‌ಗೆ ವ್ಯಾಖ್ಯಾನ ಇದೆ. ತಮಾಷೆಯ ಹೆಸರಿನಲ್ಲಿ ಮಾಡಿದ್ದೂ ಅದರೊಳಗೆ ಬರುತ್ತದೆ, ಇದನ್ನು ಅಡಿಗೆರೆ ಹಾಕಿ ಬರೆಯಿರಿ. ಒಂದು ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಮೊತ್ತ ನೋಡಿದರೆ ನಗು ಬರುತ್ತದೆ, ನಿಜ. ಆದರೆ ಹೊಡೆತ, ಕೂಡಿಹಾಕುವುದು, ಬೆದರಿಕೆ ಇದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಂಗಳೂ ಸೇರಿಕೊಳ್ಳುತ್ತವೆ.

ಪರೀಕ್ಷೆಗೆ ಮುಖ್ಯವಾದದ್ದು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2009ರ ನಿಯಮಗಳು. ಸುಪ್ರೀಂ ಕೋರ್ಟ್ ಸೂಚನೆ ಮೇಲೆ ರಚನೆಯಾದ, ಸಿಬಿಐನ ಮಾಜಿ ನಿರ್ದೇಶಕ ಆರ್.ಕೆ. ರಾಘವನ್ ಅವರ ಸಮಿತಿ 2007ರಲ್ಲೇ ವರದಿ ಕೊಟ್ಟಿತ್ತು. 2009ರ ಮಾರ್ಚ್‌ನಲ್ಲಿ ಹಿಮಾಚಲದ ಟಾಂಡಾ ವೈದ್ಯಕೀಯ ಕಾಲೇಜಿನ 19 ವರ್ಷದ ಅಮನ್ ಕಚ್ರೂ ಸೀನಿಯರ್‌ಗಳ ಹೊಡೆತದಿಂದ ಸತ್ತ. ಜೂನ್‌ನಲ್ಲಿ ನಿಯಮ ಬಂತು.

ಏನೇನು ರ‍್ಯಾಗಿಂಗ್ ಆಗುತ್ತದೆ ಅಂತ ಆ ನಿಯಮ ಕೊಡುವ ಪಟ್ಟಿಯನ್ನು ಒಮ್ಮೆ ಓದಿ. ಸೀನಿಯರ್‌ಗಳ ಅಸೈನ್‌ಮೆಂಟ್ ಬರೆಸುವುದು, ಬಲವಂತವಾಗಿ ಖರ್ಚು ಮಾಡಿಸುವುದು, ನಾಚಿಕೆಪಡುವಂಥದ್ದನ್ನು ಮಾಡಿಸುವುದು, ಎಲ್ಲವೂ ಅದರಲ್ಲಿವೆ. 2016ರ ತಿದ್ದುಪಡಿಯಲ್ಲಿ ಜಾತಿ, ಧರ್ಮ, ಬಣ್ಣ, ಊರು, ಭಾಷೆ, ಹಣಕಾಸಿನ ಸ್ಥಿತಿ ಹಿಡಿದು ಕಾಡುವುದೂ ಸೇರಿತು. ನಮ್ಮ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಬ್ಯಾರಿ, ಮಲಯಾಳಂ, ಯರವ ಭಾಷೆ ಮಾತಾಡುವವರು ಇರುತ್ತಾರೆ. "ನಿಮ್ ಭಾಷೇಲಿ ಒಂದು ಹಾಡು ಹೇಳೋ" ಅಂತ ಲೈನ್ ಮನೆಯಿಂದ (ತೋಟದ ಕಾರ್ಮಿಕರ ಸಾಲು ಮನೆಯಿಂದ) ಬಂದ ಹುಡುಗನನ್ನು ಮೇಜಿನ ಮೇಲೆ ನಿಲ್ಲಿಸಿದರೆ, ನಗು ಯಾವುದಕ್ಕೆ ಅಂತ ಅವನಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಶಿಕ್ಷೆಗಳಲ್ಲಿ ಹಾಸ್ಟೆಲಿನಿಂದ ಹೊರಹಾಕುವುದು, ಪರೀಕ್ಷೆಗೆ ತಡೆ, ಒಂದರಿಂದ ನಾಲ್ಕು ಸೆಮಿಸ್ಟರ್ ಹೊರಗಿಡುವುದು ಎಲ್ಲರಿಗೂ ನೆನಪಿರುತ್ತದೆ. ಕಾಲೇಜಿನ ಪರವಾಗಿ ಪಂದ್ಯಾವಳಿ, ಯುವಜನೋತ್ಸವಕ್ಕೆ ಹೋಗದಂತೆ ತಡೆಯುವುದೂ ಇದೆ ಎನ್ನುವುದನ್ನು ಮರೆಯುತ್ತಾರೆ. ನಮ್ಮ ತಂಡಕ್ಕೆ ನಾಟಿದ್ದು ಅದೊಂದೇ. ತಪ್ಪು ಮಾಡಿದವರು ಯಾರೆಂದು ಗೊತ್ತಾಗದಿದ್ದರೆ ಇಡೀ ಗುಂಪಿಗೆ ಶಿಕ್ಷೆ ಕೊಡಲೂ ಅವಕಾಶ ಇದೆ. ಇದು ನ್ಯಾಯವೇ ಅಂತ ನನಗೆ ಇನ್ನೂ ಅನುಮಾನ. ಬಾಯಿ ಬಿಡಿಸಲು ಮಾಡಿದ ನಿಯಮ ಎಲ್ಲರನ್ನೂ ಇನ್ನಷ್ಟು ಬಾಯಿ ಮುಚ್ಚಿಸಬಹುದು.

ಆಗುತ್ತಿರುವ ಹೊತ್ತಿನಲ್ಲಿ

2017ರ ಫೆಬ್ರವರಿಯಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಟಿಮೊಥಿ ಪಿಯಾಝಾ ಫ್ರೆಟರ್ನಿಟಿಗೆ ಸೇರುವ ರಾತ್ರಿ ವಿಪರೀತ ಕುಡಿಸಲ್ಪಟ್ಟು ಮೆಟ್ಟಿಲಿನಿಂದ ಬಿದ್ದ. ಮನೆ ತುಂಬ ಜನ ಇದ್ದರು. ಆಂಬುಲೆನ್ಸ್‌ಗೆ ಫೋನ್ ಹೋದದ್ದು ಸುಮಾರು 12 ಗಂಟೆ ಕಳೆದ ಮೇಲೆ, ಮಾರನೇ ಬೆಳಗ್ಗೆ. ಅವನು ಉಳಿಯಲಿಲ್ಲ. ಅಲ್ಲಿ 2018ರಲ್ಲಿ ಅವನ ಹೆಸರಿನಲ್ಲೇ ಕಾನೂನು ಬಂತು.

ಇಷ್ಟು ಜನ ಇದ್ದೂ ಯಾಕೆ ಯಾರೂ ಫೋನ್ ಮಾಡಲಿಲ್ಲ? ಮನಃಶಾಸ್ತ್ರಜ್ಞರಾದ ಡಾರ್ಲಿ ಮತ್ತು ಲಟಾನೆ 1968ರ ಪ್ರಯೋಗದಲ್ಲಿ ಕಂಡದ್ದು ಇದನ್ನೇ. ಒಬ್ಬರಿಗೆ ಫಿಟ್ಸ್ ಬಂದಂತೆ ದನಿ ಕೇಳಿಸಿದಾಗ, ತಾನೊಬ್ಬನೇ ಕೇಳುತ್ತಿದ್ದೇನೆ ಅಂದುಕೊಂಡವರಲ್ಲಿ 85% ಜನ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಎದ್ದದ್ದು 31%. ಆದ್ದರಿಂದ "ಯಾರಾದರೂ ಫೋನ್ ಮಾಡ್ರೋ" ಅಂತ ಕೂಗಬೇಡಿ. ಒಬ್ಬರ ಹೆಸರು ಹಿಡಿದು, "ನೀನು 108ಕ್ಕೆ ಮಾಡು, ನೀನು ವಾರ್ಡನ್‌ನ ಕರಿ" ಅನ್ನಿ.

ಕುಡಿದವನು ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ ಅದು ನಿದ್ದೆಯಲ್ಲ. ಮಗ್ಗುಲಿಗೆ ಮಲಗಿಸಿ, ಒಬ್ಬನನ್ನೇ ಬಿಡಬೇಡಿ. ಮಜ್ಜಿಗೆ, ಕಾಫಿ ಕುಡಿಸುವುದು, ತಲೆಗೆ ತಣ್ಣೀರು ಸುರಿಯುವುದು ಬೇಡವೇ ಬೇಡ. ಮಳೆಗಾಲದಲ್ಲಿ ನಮ್ಮ ತಿರುವು ರಸ್ತೆಗಳಲ್ಲಿ ಆಂಬುಲೆನ್ಸ್ ಬರಲು ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು, ಸ್ವಲ್ಪ ನೋಡೋಣ ಅನ್ನುವುದಕ್ಕೆ ಸಮಯ ಇಲ್ಲ.

ಕಾಲೇಜಿನೊಳಗೆ ಎರಡು ವ್ಯವಸ್ಥೆ ಇರಬೇಕು. ರ‍್ಯಾಗಿಂಗ್ ವಿರೋಧಿ ಸಮಿತಿಯಲ್ಲಿ ಪೊಲೀಸ್, ಪೋಷಕರು, ಹೊಸ ವಿದ್ಯಾರ್ಥಿಗಳ ಪ್ರತಿನಿಧಿಗಳೂ ಇರುತ್ತಾರೆ. ಸ್ಕ್ವಾಡ್ ಅನ್ನುವುದು ಹಾಸ್ಟೆಲ್, ಮೈದಾನಗಳಿಗೆ ಹೇಳದೆ ಕೇಳದೆ ಬರುವ ತಂಡ. ಆರು ಹೊಸಬರಿಗೆ ಒಬ್ಬ ಸೀನಿಯರ್ ಮಾರ್ಗದರ್ಶಿ ಇರಬೇಕು ಎಂದೂ ನಿಯಮ ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ನಿಯಮದಲ್ಲಿ ಹೆಚ್ಚು ಕೆಲಸಕ್ಕೆ ಬರುವ ಸಾಲು ಅದು, ಯಾರೂ ಓದದ ಸಾಲೂ ಅದೇ. ನಮ್ಮ ತಂಡದಲ್ಲಿ ಈಗ ಹೊಸಬರ ಮೊದಲ ವಾರದಲ್ಲಿ ಪಿ.ಟಿ. ಸರ್ ಮೈದಾನದಲ್ಲೇ ಇರುತ್ತಾರೆ. ಸ್ವಾಗತ ಅಂದರೆ ಹಳಬರು ಹೊಸಬರು ಬೆರೆತ ಐದೈದು ಜನರ ಪಂದ್ಯ, ಸೋತವರಿಂದ ಕಾಫಿ.

ದೂರು ಬರೆಯುವುದು

ಯುಜಿಸಿ ಸಹಾಯವಾಣಿ 1800-180-5522, ದಿನದ 24 ಗಂಟೆಯೂ ಉಚಿತ. ನೊಂದವನೇ ಮಾಡಬೇಕು ಅಂತಿಲ್ಲ, ಗೆಳೆಯರೂ ಅಪ್ಪ ಅಮ್ಮನೂ ಮಾಡಬಹುದು. ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಅಪರಾಧದ ಸುಳಿವು ಇದ್ದರೆ ಕಾಲೇಜಿನ ಮುಖ್ಯಸ್ಥರು ಮಾಹಿತಿ ಸಿಕ್ಕ 24 ಗಂಟೆಯೊಳಗೆ ಎಫ್‌ಐಆರ್‌ಗೆ ಮುಂದಾಗಬೇಕು. ಒಳಗೊಳಗೇ ರಾಜಿ ಮಾಡಿಸುತ್ತಾ ಕೂರುವಂತಿಲ್ಲ.

"ಸೀನಿಯರ್‌ಗಳು ತುಂಬಾ ತೊಂದರೆ ಕೊಡುತ್ತಿದ್ದಾರೆ, ದಯವಿಟ್ಟು ಕ್ರಮ ಕೈಗೊಳ್ಳಿ." ಇಂಥ ದೂರು ಫೈಲಿನಲ್ಲೇ ಸಾಯುತ್ತದೆ. ಹೀಗೆ ಬರೆದು ನೋಡಿ: "ಸೋಮವಾರ ಸಂಜೆ ಸುಮಾರು 6 ಗಂಟೆಗೆ, ಮೈದಾನದಲ್ಲಿ ಗೇಟಿನ ಕಡೆಯ ಗೋಲ್ ಹತ್ತಿರ, ಇಂಥ ಇಬ್ಬರು ನನ್ನನ್ನು ನೀರಿನಲ್ಲಿ ಮಲಗಲು ಹೇಳಿದರು. ಬೇಡ ಅಂದಾಗ 'ಹಾಗಾದರೆ ಶನಿವಾರ ಆಡೋದು ಮರೆತುಬಿಡು' ಅಂದರು. ಪಕ್ಕದಲ್ಲಿ ಇಂಥವರು ಇದ್ದರು." ದಿನ, ಹೊತ್ತು, ಜಾಗ, ಆಡಿದ ಮಾತು ಅದೇ ಪದಗಳಲ್ಲಿ, ನೋಡಿದವರು. ವಾಟ್ಸಾಪ್ ಮೆಸೇಜ್ ಇದ್ದರೆ ಡಿಲೀಟ್ ಆಗುವ ಮೊದಲು ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೂ ಕಳಿಸಿಡಿ.

ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು, ತಾರೀಖು, ಗಂಟೆ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ಸರ್ ಮೀಟಿಂಗಲ್ಲಿದ್ದಾರೆ" ಅಂದರೆ ಅಲ್ಲೇ ನಿಂತು ದೂರಿನ ಫೋಟೊ ತೆಗೆದು ಪ್ರಾಂಶುಪಾಲರ ಇಮೇಲ್‌ಗೆ ಕಳಿಸಿ. 24 ಗಂಟೆಯ ಲೆಕ್ಕ ಆ ಇಮೇಲ್‌ನಿಂದ ಶುರುವಾಗುತ್ತದೆ.