ಸಿಸ್‌ಕಾಲ್ ಮತ್ತು ಆರ್‌ಸಿಎಕ್ಸ್ ತಕರಾರು

ಅಸೆಂಬ್ಲಿ ಪ್ರೋಗ್ರಾಂ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೆಲಸ ಹೇಳೋದು ಸಿಸ್‌ಕಾಲ್ ಮೂಲಕ. ಇದು 64 ಬಿಟ್ ಲಿನಕ್ಸ್‌ನ ಲೆಕ್ಕ, ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಮೇಲೆ. ಸೆಕ್ಷನ್, ಲೇಬಲ್, ಲಿಂಕಿಂಗ್ ಎಲ್ಲ ಗೊತ್ತಿದೆ ಅಂದುಕೊಳ್ತೀನಿ.

ಕೆಲಸದ ನಂಬರ್ ಆರ್‌ಎಎಕ್ಸ್ ರಿಜಿಸ್ಟರ್‌ಗೆ (ರಿಜಿಸ್ಟರ್ ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ಜಾಗ): ಬರೆಯೋ ರೈಟ್‌ಗೆ 1, ಪ್ರೋಗ್ರಾಂ ಮುಗಿಸೋ ಎಕ್ಸಿಟ್‌ಗೆ 60. ಆರ್ಗ್ಯುಮೆಂಟ್‌ಗಳು ಕ್ರಮವಾಗಿ ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್10, ಆರ್8, ಆರ್9. ಆಮೇಲೆ ಸಿಸ್‌ಕಾಲ್ ಇನ್‌ಸ್ಟ್ರಕ್ಷನ್. ರೈಟ್‌ಗೆ ಮೂರೇ ಸಾಕು: ಫೈಲ್ ನಂಬರ್ 1 (ಇಲ್ಲಿ ಸ್ಕ್ರೀನ್), ಸ್ಟ್ರಿಂಗ್‌ನ ವಿಳಾಸ, ಉದ್ದ. ಉದ್ದ ಅಂದರೆ ಬೈಟ್‌ಗಳಲ್ಲಿ. ‘ನಮಸ್ಕಾರ’ ಕಣ್ಣಿಗೆ ನಾಲ್ಕಕ್ಷರ, ಯುಟಿಎಫ್-8ರಲ್ಲಿ 21 ಬೈಟ್. ಕೈಯಲ್ಲಿ ಎಣಿಸೋ ಗೋಜಿಗೇ ಹೋಗಬೇಡಿ, ಉದ್ದವನ್ನು ಅಸೆಂಬ್ಲರೇ ಲೆಕ್ಕ ಹಾಕಲಿ.

ಈಗ ತಲೆ ತಿನ್ನೋ ಭಾಗ. ಸಾಮಾನ್ಯ ಫಂಕ್ಷನ್ ಕರೆಯುವಾಗ ನಾಲ್ಕನೇ ಆರ್ಗ್ಯುಮೆಂಟ್ ಆರ್‌ಸಿಎಕ್ಸ್‌ನಲ್ಲಿ ಹೋಗುತ್ತೆ, ಸಿಸ್‌ಕಾಲ್‌ಗೆ ಮಾತ್ರ ಆರ್10ರಲ್ಲಿ. ಕಾರಣ ಕರ್ನಲ್ ಅಲ್ಲ, ಪ್ರೊಸೆಸರ್. ಸಿಸ್‌ಕಾಲ್ ಇನ್‌ಸ್ಟ್ರಕ್ಷನ್ ಸ್ಟ್ಯಾಕ್ ಮುಟ್ಟೋದೇ ಇಲ್ಲ. ವಾಪಸ್ ಬರಬೇಕಾದ ವಿಳಾಸವನ್ನು ಆರ್‌ಸಿಎಕ್ಸ್‌ನಲ್ಲಿ, ಫ್ಲ್ಯಾಗ್‌ಗಳನ್ನು ಆರ್11ರಲ್ಲಿ ಇಟ್ಟು ಕರ್ನಲ್‌ಗೆ ಹಾರುತ್ತೆ. ಅವೆರಡರಲ್ಲಿ ಮೊದಲು ಏನಿತ್ತೋ ಅದು ಅಲ್ಲಿಗೆ ಹೋಯ್ತು.

‘ನಮಸ್ಕಾರ’ ಐದು ಸಲ ಬರಲಿ ಅಂತ ಆರ್‌ಸಿಎಕ್ಸ್‌ಗೆ 5 ಹಾಕಿ, ರೈಟ್ ಮಾಡಿ, ಕೆಳಗೆ ಲೂಪ್ ಇನ್‌ಸ್ಟ್ರಕ್ಷನ್ ಬರೆದರೆ ಸ್ಕ್ರೀನ್ ತುಂಬ ನಮಸ್ಕಾರವೇ, ನಿಲ್ಲೋದೇ ಇಲ್ಲ. ಲೂಪ್ ಆರ್‌ಸಿಎಕ್ಸ್‌ನಿಂದ ಒಂದು ಕಳೆದು ಸೊನ್ನೆಯಾಯ್ತಾ ಅಂತ ನೋಡುತ್ತೆ. ಆದರೆ ಅಲ್ಲಿ ಈಗ 5 ಇಲ್ಲ, ಹೆಕ್ಸ್‌ನಲ್ಲಿ 401000ರ ಆಸುಪಾಸಿನ ಒಂದು ವಿಳಾಸ ಕೂತಿದೆ. ನಲವತ್ತೊಂದು ಲಕ್ಷ ಚಿಲ್ಲರೆ! ಅಷ್ಟು ಸಲ ಸುತ್ತಿ ನಿಲ್ಲುತ್ತೆ ಅಂದುಕೊಂಡರೆ ಅದೂ ಇಲ್ಲ, ಪ್ರತಿ ಸುತ್ತಿನ ಸಿಸ್‌ಕಾಲೂ ಅದೇ ವಿಳಾಸವನ್ನು ಮತ್ತೆ ತುಂಬುತ್ತೆ. ಜಿಡಿಬಿ ಡಿಬಗ್ಗರ್‌ನಲ್ಲಿ ಸಿಸ್‌ಕಾಲ್ ದಾಟಿದ ತಕ್ಷಣ ನಿಂತು ನೋಡಿ: ಆರ್‌ಸಿಎಕ್ಸ್, ಆರ್‌ಐಪಿ (ಮುಂದಿನ ಇನ್‌ಸ್ಟ್ರಕ್ಷನ್‌ನ ವಿಳಾಸ) ಎರಡೂ ಒಂದೇ.

ಸ್ಟ್ಯಾಕ್‌ಗೆ ಪುಷ್-ಪಾಪ್ ಮಾಡಿ ಆರ್‌ಸಿಎಕ್ಸ್ ಉಳಿಸಿಕೊಳ್ಳಬಹುದು. ನನಗೆ ಹಿಡಿಸಿದ್ದು ಆರ್12. ಎಣಿಕೆ ಅದರಲ್ಲಿಟ್ಟು ಡೆಕ್ (ಒಂದು ಕಳೆ), ಜೆಎನ್‌ಜೆಡ್ (ಸೊನ್ನೆಯಾಗದಿದ್ದರೆ ಹಾರು). ಕರ್ನಲ್ ಅದನ್ನು ಹಾಗೇ ವಾಪಸ್ ಕೊಡುತ್ತೆ. ಆರ್‌ಎಎಕ್ಸ್ ಹಾಗಲ್ಲ, ಉತ್ತರ ಬರೋದೇ ಅದರಲ್ಲಿ. ಹಾಗಾಗಿ 1 ಅನ್ನು ಪ್ರತಿ ಸುತ್ತಿಗೂ ಮತ್ತೆ ಹಾಕಬೇಕು.

ಉತ್ತರ ಮೈನಸ್ 1ರಿಂದ ಮೈನಸ್ 4095ರ ನಡುವೆ ಇದ್ದರೆ ಎರರ್. ಮೈನಸ್ 14 ಅಂದರೆ ವಿಳಾಸ ಸರಿಯಿಲ್ಲ, ಮೈನಸ್ 9 ಅಂದರೆ ಫೈಲ್ ನಂಬರ್ ಸರಿಯಿಲ್ಲ.

ಹಳೇ 32 ಬಿಟ್ ಪಾಠಗಳಲ್ಲಿ ರೈಟ್ 4, ಎಕ್ಸಿಟ್ 1. ಅವನ್ನೇ ಇಲ್ಲಿ ಹಾಕಿದರೆ 4 ಸ್ಟ್ಯಾಟ್ (ಫೈಲ್‌ನ ವಿವರ ಕೇಳೋದು) ಆಗುತ್ತೆ, 1 ರೈಟ್ ಆಗುತ್ತೆ. ಏನೂ ಪ್ರಿಂಟ್ ಆಗದೆ ಸೆಗ್‌ಫಾಲ್ಟ್ (ತಪ್ಪು ವಿಳಾಸ ಮುಟ್ಟಿ ಪ್ರೋಗ್ರಾಂ ಸಾಯೋದು) ಬಂದರೆ ಮೊದಲು ನಂಬರ್ ನೋಡಿ. ಎಸ್‌ಟ್ರೇಸ್ ಹಾಕಿ ಓಡಿಸಿದರೆ ನೀವು ನಿಜವಾಗಿ ಕರೆದದ್ದು ಯಾವುದನ್ನು ಅಂತ ಹೆಸರು ಸಮೇತ ತೋರಿಸುತ್ತೆ.