ದಿನಾ ಮೂರು ಗಂಟೆ ಓದಿದರೂ ಗಣಿತದಲ್ಲಿ 38 ಯಾಕೆ?

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ 8ನೇ ತರಗತಿ. ದಿನಾ ಮೂರು ಗಂಟೆ ಪುಸ್ತಕ ಹಿಡಿದು ಕೂರುತ್ತಾಳೆ, ಟ್ಯೂಷನ್ನಿಗೂ ಹೋಗುತ್ತಾಳೆ. ಆದರೂ ಗಣಿತದಲ್ಲಿ 38 ದಾಟುತ್ತಿಲ್ಲ. ತಲೆಯೇ ಓಡದಿದ್ದರೆ ಎಷ್ಟು ಕಷ್ಟಪಟ್ಟರೂ ಅಷ್ಟೇನಾ?

ಉತ್ತರ: ಅಷ್ಟೇ ಅಲ್ಲ. ಆದರೆ ಅವಳ ತಲೆಯ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲು ಒಂದು ಕೆಲಸ ಮಾಡಿ. ಇವತ್ತು ಸಂಜೆ ಅವಳ ಪಕ್ಕ ಹತ್ತು ನಿಮಿಷ ಸುಮ್ನೆ ಕೂತು ನೋಡಿ, ಆ ಮೂರು ಗಂಟೆಯಲ್ಲಿ ಅವಳು ಏನು ಮಾಡುತ್ತಾಳೆ ಅಂತ.

ನಾನು ಸಂಜೆ ಹೊತ್ತು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕಳೆದ ವರ್ಷ ಇಂಥದೇ ಒಬ್ಬಳು ಹುಡುಗಿ ಬಂದಳು. ನೋಟ್‌ಬುಕ್ಕಿನಲ್ಲಿ ಮುತ್ತು ಪೋಣಿಸಿದ ಹಾಗೆ ಅಕ್ಷರ, ಒಂದು ಕಡೆಯೂ ಹೊಡೆದು ಹಾಕಿದ ಗುರುತಿಲ್ಲ. ಎಲ್ಲ ಉತ್ತರವೂ ಸರಿ. ಎಡಗೈ ಪಕ್ಕದಲ್ಲಿ ಗೈಡ್ ತೆರೆದಿತ್ತು. ಒಂದು ಸಾಲು ನೋಡುವುದು, ಒಂದು ಸಾಲು ಬರೆಯುವುದು. ನಾನು ಗೈಡ್ ಮುಚ್ಚಿ, ಈಗ ಬರೆದ ಲೆಕ್ಕವನ್ನೇ ಇನ್ನೊಮ್ಮೆ ಮಾಡು ಅಂದೆ. ಎರಡನೇ ಸಾಲಿಗೆ ಪೆನ್ಸಿಲ್ ನಿಂತಿತು. "ಬರ್ತಿತ್ತು ಟೀಚರ್, ಈಗ ಮರ್ತೇ ಹೋಯ್ತು" ಅಂದಳು. ಕಣ್ಣಲ್ಲಿ ನೀರು. ಅವಳು ಸುಳ್ಳು ಹೇಳಲಿಲ್ಲ. ಎದುರಿಗೆ ಉತ್ತರ ಇದ್ದಾಗ ಎಲ್ಲ ಗೊತ್ತು ಅಂತಲೇ ಅನಿಸುತ್ತದೆ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಉಳಿದವರು ಹಾಳೆ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿ ಬರೆದವರು ಮುಂದು. ಶಾಲೆಯ ಪರೀಕ್ಷೆ ಐದು ನಿಮಿಷದ ನಂತರ ಬರುವುದಿಲ್ಲ, ಅಲ್ವಾ?

ಮುಂಬಯಿ ಕನ್ನಡಿಗರಿಗೆ ಇದು ಅರ್ಥವಾಗಬೇಕು. ನೂರು ವರ್ಷಕ್ಕೂ ಹಿಂದೆಯೇ ಇಲ್ಲಿ ನಮ್ಮ ಕರಾವಳಿಯ ಮೀನುಗಾರ ಸಮುದಾಯದ ಮೊಗವೀರರು ಉಚಿತ ರಾತ್ರಿ ಶಾಲೆ ಶುರು ಮಾಡಿದರು. ಆಮೇಲೆ ಮುಂಬಯಿಯ ಕೋಟೆ (ಫೋರ್ಟ್) ಭಾಗದಲ್ಲಿ ಇನ್ನಷ್ಟು ರಾತ್ರಿ ಶಾಲೆಗಳು ಬಂದವು. ಉಡುಪಿ, ಮಂಗಳೂರು ಕಡೆಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದು ರಾತ್ರಿ ಓದಿದರು. ಅವರ ಕಷ್ಟವನ್ನು ನಾವು ಹೊಗಳುತ್ತೇವೆ, ಹೊಗಳಲೇಬೇಕು. ಆದರೆ ನನಗೆ ಮುಖ್ಯ ಅನಿಸುವುದು ಬೇರೆ. ಹಗಲು ಅವರ ಕೈಯಲ್ಲಿ ಪುಸ್ತಕ ಇರುತ್ತಿರಲಿಲ್ಲ. ಲೋಟ ತೊಳೆಯುತ್ತಾ ರಾತ್ರಿ ಕಲಿತ ಸ್ಪೆಲ್ಲಿಂಗನ್ನು ತಲೆಯಿಂದಲೇ ತೆಗೆಯಬೇಕಿತ್ತು. ತಪ್ಪಿದ್ದನ್ನು ಆ ರಾತ್ರಿ ಸರಿ ಮಾಡಿಕೊಳ್ಳಬೇಕಿತ್ತು. ಹಾಡ್ತಾ ಹಾಡ್ತಾ ರಾಗ ಅಂತಾರಲ್ಲ, ಅದು ಬಾಯಿಬಿಟ್ಟು ಹಾಡಿದವರಿಗೆ ಬರುವ ರಾಗ.

ಇನ್ನು ನೀವು ಆಡುವ ಮಾತು. "ನೀನು ಜಾಣೆ" ಅನ್ನುವುದೂ ಬೇಡ, "ನಿನಗೆ ತಲೆ ಇಲ್ಲ" ಅನ್ನುವುದಂತೂ ಬೇಡವೇ ಬೇಡ. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿವಂತರು ಅಂತ ಹೊಗಳಿಸಿಕೊಂಡ 5ನೇ ತರಗತಿಯ ಮಕ್ಕಳು ಒಂದು ಸಲ ಸೋತ ಮೇಲೆ ಬೇಗ ಕುಗ್ಗಿದರು. ಚೆನ್ನಾಗಿ ಶ್ರಮಪಟ್ಟೆ ಅನಿಸಿಕೊಂಡವರು ಇನ್ನೂ ಪ್ರಯತ್ನಿಸಿದರು. ಆದರೆ ಬರೀ "ಕಷ್ಟಪಡು" ಅಂದರೂ ಸಾಲದು. ನಿಮ್ಮ ಮಗಳು ಈಗಾಗಲೇ ಕಷ್ಟಪಡುತ್ತಿದ್ದಾಳೆ. ಅವಳಿಗೆ ದಾರಿ ಬೇಕು.

ಭಾಷೆಯನ್ನೂ ನೋಡಿ. ಮನೆಯಲ್ಲಿ ಕನ್ನಡ ಅಥವಾ ತುಳು, ಕೆಳಗೆ ಆಡುವಾಗ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ಜೊತೆಗೆ ಮರಾಠಿ. ನಾನು ಹೇಳಿದ ಹುಡುಗಿ ಡಿಸ್ಕೌಂಟ್ ಪಾಠದಲ್ಲಿ 'ಮಾರ್ಕ್ಡ್ ಪ್ರೈಸ್' ಅಂದ ಕೂಡಲೇ ಹೆದರುತ್ತಿದ್ದಳು. "800 ರೂಪಾಯಿ ಸೀರೆ, ನೂರಕ್ಕೆ 15 ಕಡಿಮೆ ಮಾಡಿದ್ರೆ ಅಮ್ಮ ಎಷ್ಟು ಕೊಡಬೇಕು?" ಅಂತ ಕನ್ನಡದಲ್ಲಿ ಕೇಳಿದೆ. ಬೆರಳು ಮಡಚಿ 680 ಅಂದಳು. ಅವಳಿಗೆ ಗಣಿತ ಬರುತ್ತಿತ್ತು, ಪ್ರಶ್ನೆಯ ಭಾಷೆ ಬರುತ್ತಿರಲಿಲ್ಲ.

ಅಕ್ಷರಗಳು ಅದಲುಬದಲಾಗುತ್ತಿವೆ, ಬೋರ್ಡಿನಿಂದ ಬರೆದುಕೊಳ್ಳುವುದೇ ತುಂಬ ನಿಧಾನ ಅಂತಾದರೆ ಮೊದಲು ಕಣ್ಣು ತೋರಿಸಿ. ಕಲಿಕೆಯ ತೊಂದರೆ ಇದೆಯೇ ಅಂತ ಪರೀಕ್ಷೆ ಮಾಡುವ ವಿಭಾಗ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿದೆ. ತೊಂದರೆ ಇದೆ ಅಂತ ಪ್ರಮಾಣಪತ್ರ ಸಿಕ್ಕಿದರೆ ಎಸ್ಸೆಸ್ಸಿ (10ನೇ ತರಗತಿಯ ಬೋರ್ಡ್) ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುತ್ತಾರೆ. ಅಂಥ ಮಗುವಿಗೆ ಇನ್ನೂ ಜಾಸ್ತಿ ಓದು ಅನ್ನುವುದು ಅನ್ಯಾಯ.

ಹಾಗೇನೂ ಇಲ್ಲದಿದ್ದರೆ, 38 ಬಂದ ಆ ಉತ್ತರ ಪತ್ರಿಕೆಯನ್ನು ಹೊರಗೆ ತೆಗೆಯಿರಿ. ತಪ್ಪಾದ ಲೆಕ್ಕಗಳಲ್ಲಿ ಮೂರನ್ನು ಮಾತ್ರ ಆರಿಸಿ. ಗೈಡ್ ನಿಮ್ಮ ಕೈಯಲ್ಲಿರಲಿ, ಅವಳ ಮುಂದೆ ಖಾಲಿ ಹಾಳೆ ಇರಲಿ. ಅರ್ಧ ಗಂಟೆ ಸಾಕು. ಸಿಕ್ಕಿಹಾಕಿಕೊಂಡರೆ ಒಂದು ಸಾಲು ತೋರಿಸಿ, ಮತ್ತೆ ಮುಚ್ಚಿ. ಎರಡು ದಿನ ಬಿಟ್ಟು ಅವೇ ಮೂರು ಲೆಕ್ಕ. ಭಾನುವಾರ ಇನ್ನೊಮ್ಮೆ ಅವೇ. ಆಗಲೂ ಪೆನ್ಸಿಲ್ ನಿಂತರೆ, ಯಾವ ಸಾಲಿನಲ್ಲಿ ನಿಂತಿತು ಅಂತ ನನಗೆ ಬರೆದು ತಿಳಿಸಿ.